ಯಾರ ಫೋನಿಗೆ ಯಾವ ಬೀಗ? ಐದು ವರ್ಷದ ಮಗುವಿನಿಂದ ಎಪ್ಪತ್ತೈದರ ಅಜ್ಜನವರೆಗೆ

"ಮಗಳು ನಾಲ್ಕನೇ ಕ್ಲಾಸು, ಫೋನ್ ಕೊಟ್ಟರೆ ಯಾವ ಆ್ಯಪ್ ಹಾಕಬೇಕು?" "ಅಪ್ಪನಿಗೆ ಎಪ್ಪತ್ತೆರಡು, ಯುಪಿಐ ಹಾಕಿಕೊಡು ಅಂತ ಹಟ ಹಿಡಿದಿದ್ದಾರೆ, ಹಾಕಿಕೊಡಲೋ ಬೇಡವೋ?" ಈ ಎರಡು ಪ್ರಶ್ನೆ ಎಷ್ಟೋ ಸಲ ಒಬ್ಬರ ಬಾಯಿಂದಲೇ ಬರುತ್ತವೆ. ಕೇಳುವವರಿಗೆ ಎರಡಕ್ಕೂ ಸೇರಿ ಒಂದು ಆ್ಯಪಿನ ಹೆಸರು ಸಿಕ್ಕಿದರೆ ಸಾಕಾಗಿರುತ್ತದೆ. ಅಂಥ ಆ್ಯಪ್ ಇಲ್ಲ. ಚಿಕ್ಕ ಮಕ್ಕಳ ವಿಷಯದಲ್ಲಿ ಬೀಗ ಬೀಳಬೇಕಾದ್ದು ಫೋನಿಗೆ, ಹದಿಹರೆಯದವರಲ್ಲಿ ಖಾತೆಗೆ. ಹಿರಿಯರ ಫೋನಿಗೆ ಎಷ್ಟು ಬೀಗ ಜಡಿದರೂ ಪ್ರಯೋಜನ ಅರ್ಧವೇ. ಅಲ್ಲಿ ಬೀಗ ಹಾಕಬೇಕಾದ್ದು ದುಡ್ಡಿಗೆ.

ಮೊದಲು ಅಳತೆಗೋಲು

ಯಾವ ದಾರಿ ಹಿಡಿದರೂ ನಾಲ್ಕು ವಿಷಯ ನೋಡಿಕೊಳ್ಳಿ.

ಎಡವಟ್ಟಾದರೆ ಹೋಗುವುದು ಏನು? ಆರು ವರ್ಷದ ಮಗು ನೋಡಬಾರದ್ದನ್ನು ನೋಡಬಹುದು, ಹದಿನೈದರ ಹುಡುಗನ ಮಾನ ಹೋಗಬಹುದು, ನಿವೃತ್ತರ ಜೀವಮಾನದ ಉಳಿತಾಯವೇ ಹೋಗಬಹುದು.

ಬೀಗದ ಕೈ ಯಾರ ಹತ್ತಿರ ಇರುತ್ತದೆ? ಮಗುವಿನ ಫೋನಿನ ಪಿನ್ ಅಮ್ಮನಿಗೆ ಗೊತ್ತಿರುವುದು ಸಹಜ. ಅಪ್ಪನ ಫೋನಿನ ಪಿನ್ ಮಗನ ಕೈಯಲ್ಲಿದ್ದರೆ ಅದು ಬೇರೆಯೇ ಸಂಗತಿ, ಅಪ್ಪ ಅದನ್ನು ಬಹಳ ದಿನ ಸಹಿಸುವುದಿಲ್ಲ.

ತೆಗೆಯುವುದು ಎಷ್ಟು ಸುಲಭ? ಮಕ್ಕಳು ಒಂದು ವಾರದೊಳಗೆ ದಾರಿ ಹುಡುಕುತ್ತಾರೆ. ವಂಚಕರಿಗೆ ಹುಡುಕುವ ಕಷ್ಟವೂ ಇಲ್ಲ, ಫೋನ್ ಮಾಡಿ ನಿಮ್ಮ ಕೈಯಿಂದಲೇ ತೆಗೆಸುತ್ತಾರೆ.

ಕೊನೆಯದು ದಿನದ ಉಸಾಬರಿ. ಇಲ್ಲಿ ಹೇಳುವ ಬಹುಪಾಲು ಸೌಲಭ್ಯಗಳಿಗೆ ದುಡ್ಡು ಕೊಡಬೇಕಿಲ್ಲ, ಸಮಯ ಕೊಡಬೇಕು. ತಿಂಗಳ ಚಂದಾ ಕೇಳುವ "ಮಕ್ಕಳ ಮೇಲೆ ನಿಗಾ" ಆ್ಯಪ್‌ಗಳನ್ನು ಈ ಹೋಲಿಕೆಯಿಂದ ಬೇಕೆಂದೇ ಬಿಟ್ಟಿದ್ದೇವೆ. ಮಗುವಿನ ಮೆಸೇಜು, ಫೋಟೊ, ಲೊಕೇಶನ್ ಎಲ್ಲವನ್ನೂ ಗುರುತಿಲ್ಲದ ಮೂರನೆಯವರ ಸರ್ವರಿಗೆ ಕಳಿಸಿ ಮಗುವನ್ನು ಕಾಪಾಡುವುದು ನಮಗೆ ಸರಿಕಾಣುವುದಿಲ್ಲ.

ಎಂಟು ವರ್ಷದೊಳಗೆ: ಸ್ವಂತ ಫೋನ್ ಬೇಡ

ಇರುವ ದಾರಿಗಳು ಎರಡು. ನಿಮ್ಮ ಫೋನಿನಲ್ಲೇ ಆ್ಯಪ್ ಪಿನ್ ಮಾಡಿ (ಪರದೆಯಲ್ಲಿ ಅದೊಂದೇ ನಿಲ್ಲುವಂತೆ ಮಾಡಿ) ಕೊಡುವುದು, ಇಲ್ಲವೇ ಯೂಟ್ಯೂಬ್ ಕಿಡ್ಸ್ ಹಾಕಿಕೊಡುವುದು. ಎರಡನ್ನೂ ಸೇರಿಸಿದರೆ ಇನ್ನೂ ಒಳ್ಳೆಯದು, ಯಾಕೆಂದರೆ ಒಂದರ ತೂತನ್ನು ಇನ್ನೊಂದು ಮುಚ್ಚುತ್ತದೆ.

ಆಂಡ್ರಾಯ್ಡ್‌ನಲ್ಲಿ ಸೆಕ್ಯೂರಿಟಿ ಸೆಟ್ಟಿಂಗ್ಸ್ ಒಳಗೆ "ಆ್ಯಪ್ ಪಿನ್ನಿಂಗ್" ಅಥವಾ "ಪಿನ್ ಆ್ಯಪ್" ಎಂದಿರುತ್ತದೆ. ಅದನ್ನು ಆನ್ ಮಾಡಿ, ಜೊತೆಗೆ "ಅನ್‌ಪಿನ್ ಮಾಡುವ ಮೊದಲು ಪಿನ್ ಕೇಳು" ಎಂಬುದನ್ನೂ ಆನ್ ಮಾಡಿ. ಬೇಕಾದ ಆ್ಯಪ್ ತೆರೆದು, ರೀಸೆಂಟ್ಸ್ ಪರದೆಯಲ್ಲಿ ಅದರ ಚಿಹ್ನೆ ಒತ್ತಿ ಪಿನ್ ಮಾಡಿದರೆ ಮಗು ವಾಟ್ಸ್ಆ್ಯಪಿಗೋ ಬ್ಯಾಂಕ್ ಆ್ಯಪಿಗೋ ಹೋಗಲಾರದು. ಐಫೋನಿನಲ್ಲಿ ಇದೇ ಕೆಲಸ ಮಾಡುವುದು ಗೈಡೆಡ್ ಆ್ಯಕ್ಸೆಸ್: ಒಮ್ಮೆ ಆನ್ ಮಾಡಿಟ್ಟರೆ ಪಕ್ಕದ ಗುಂಡಿಯನ್ನು ಮೂರು ಸಲ ಒತ್ತಿದರಾಯಿತು. ಕೊರತೆ ಇಷ್ಟೇ, ಮಾಮೂಲಿ ಯೂಟ್ಯೂಬನ್ನು ಪಿನ್ ಮಾಡಿದರೆ ಅದರೊಳಗಿನ ಶಾರ್ಟ್ಸ್ ಎಲ್ಲವೂ ತೆರೆದೇ ಇರುತ್ತವೆ.

ಯೂಟ್ಯೂಬ್ ಕಿಡ್ಸ್‌ನಲ್ಲಿ ನಾಲ್ಕು ವರ್ಷದೊಳಗೆ, ಐದರಿಂದ ಎಂಟು, ಒಂಬತ್ತರಿಂದ ಹನ್ನೆರಡು ಎಂದು ಮೂರು ಹಂತಗಳಿವೆ. ನೀವೇ ಆಯ್ದ ವಿಡಿಯೊ, ಚಾನೆಲ್ ಮಾತ್ರ ತೋರಿಸುವ ನಾಲ್ಕನೆಯ ಬಗೆಯೂ ಇದೆ. ತೀರ ಚಿಕ್ಕವರಿಗೆ ಅದೇ ಉತ್ತಮ, ಆದರೆ ಒಂದು ಭಾನುವಾರ ಕೂತು ಆಯ್ಕೆ ಮಾಡಬೇಕು. ಹಂತದ ಆಯ್ಕೆಯಲ್ಲಿ ಇಟ್ಟರೆ ಹುಡುಕಾಟವನ್ನು ಆಫ್ ಮಾಡಿ.

ಒಂದು ತಮಾಷೆ ಇದೆ. ಯೂಟ್ಯೂಬ್ ಕಿಡ್ಸ್‌ನ ಮೂಲೆಯಲ್ಲಿರುವ ಬೀಗದ ಚಿಹ್ನೆ ಒತ್ತಿದರೆ ಅದು ಕೇಳುವುದು ಒಂದು ಗುಣಾಕಾರದ ಲೆಕ್ಕ. ಏಳೆಂಟ್ಲ ಐವತ್ತಾರು ಎಂದು ಮಗ್ಗಿ ಒಪ್ಪಿಸುವ ಮೂರನೇ ಕ್ಲಾಸಿನ ಹುಡುಗಿಗೆ ಅದು ಬೀಗವೇ ಅಲ್ಲ. ಅಲ್ಲೇ ನಿಮ್ಮದೇ ನಾಲ್ಕಂಕಿ ಪಾಸ್‌ಕೋಡ್ ಇಟ್ಟುಕೊಳ್ಳುವ ಅವಕಾಶವಿದೆ. ಎಷ್ಟೋ ಮನೆಗಳಲ್ಲಿ ಅದನ್ನು ಮಾಡಿರುವುದಿಲ್ಲ.

ಎಲ್ಲರೂ ಮರೆಯುವ ಇನ್ನೊಂದು ಬಾಗಿಲು ಹಾಲ್‌ನಲ್ಲಿರುವ ಟಿವಿ. ಅಲ್ಲಿ ಓಡುತ್ತಿರುವುದು ಅಪ್ಪನ ಖಾತೆ. ಫೋನಿಗೆ ಎಷ್ಟೇ ಬಿಗಿ ಮಾಡಿದರೂ ಟಿವಿಯ ಯೂಟ್ಯೂಬ್ ರಾತ್ರಿ ಅಪ್ಪ ನೋಡಿದ್ದನ್ನೇ ಬೆಳಿಗ್ಗೆ ಮಗುವಿನ ಮುಂದೆ ಇಡುತ್ತದೆ. ಟಿವಿಯಲ್ಲೂ ಮಗುವಿನ ಪ್ರೊಫೈಲ್ ಬೇರೆ ಮಾಡಿ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವ ಸೆಟ್ಟಿಂಗ್ ಆನ್ ಮಾಡಿ, ಇಲ್ಲದಿದ್ದರೆ ಆಟದೊಳಗಿನ ವಜ್ರ, ನಾಣ್ಯಗಳ ಬಿಲ್ಲು ನಿಮಗೆ ಬರುತ್ತದೆ.

ಒಂಬತ್ತರಿಂದ ಹನ್ನೆರಡು: ಮೂರು ದಾರಿ, ಮೂರಕ್ಕೂ ತೂತು

ಮೊದಲ ಪ್ರಶ್ನೆ ಶಾಲೆಯ ವಾಟ್ಸ್ಆ್ಯಪ್ ಗುಂಪಿನದು. ಮಗು ತಾನೇ ನಡೆಸುವ ವಾಟ್ಸ್ಆ್ಯಪ್ ಖಾತೆಗೆ ಕನಿಷ್ಠ ವಯಸ್ಸು 13. ಹೋಂವರ್ಕ್ ಅದರಲ್ಲೇ ಬರುತ್ತದೆ ಎಂಬ ಕಾರಣಕ್ಕೆ ಮಗುವಿಗೆ ಬೇರೆ ಸಿಮ್ ಕೊಡಿಸಬೇಡಿ. ಗುಂಪು ನಿಮ್ಮ ನಂಬರಿನಲ್ಲೇ ಇರಲಿ, ಮಗು ಸಂಜೆ ನಿಮ್ಮ ಎದುರು ನೋಡಿ ಬರೆದುಕೊಳ್ಳಲಿ.

ಟ್ಯೂಷನ್, ಬಸ್ಸು, ಒಂಟಿ ಪ್ರಯಾಣದ ಕಾರಣಕ್ಕೆ ಕರೆ ಮಾಡಲಷ್ಟೇ ಫೋನ್ ಬೇಕೆಂದರೆ ಕೀಪ್ಯಾಡ್ ಫೋನೇ ಸರಿ. ಸಾವಿರದಿಂದ ಎರಡು ಸಾವಿರ ರೂಪಾಯಿಯೊಳಗೆ ಮುಗಿಯುತ್ತದೆ, ಚಾರ್ಜು ದಿನಗಟ್ಟಲೆ ಬರುತ್ತದೆ. ಲೊಕೇಶನ್ ಸಿಗುವುದಿಲ್ಲ, ಅದೊಂದು ನಷ್ಟ. ಸಹಪಾಠಿಗಳು ನಗುತ್ತಾರೆ ಎಂಬುದೂ ಮಗುವಿನ ಪಾಲಿಗೆ ನಿಜವಾದ ನಷ್ಟವೇ, ಅದನ್ನು ಅಲ್ಲಗಳೆಯಬೇಡಿ.

ಸ್ಮಾರ್ಟ್‌ಫೋನೇ ಕೊಡುವುದಾದರೆ ಆಂಡ್ರಾಯ್ಡ್‌ಗೆ ಗೂಗಲ್ ಫ್ಯಾಮಿಲಿ ಲಿಂಕ್, ಐಫೋನಿಗೆ ಸ್ಕ್ರೀನ್ ಟೈಮ್. ಎರಡೂ ಉಚಿತ. ಫ್ಯಾಮಿಲಿ ಲಿಂಕ್‌ನಲ್ಲಿ ಹೊಸ ಆ್ಯಪ್ ಹಾಕಲು ನಿಮ್ಮ ಒಪ್ಪಿಗೆ ಬೇಕು, ದಿನದ ಅವಧಿ ಮತ್ತು ಮಲಗುವ ಹೊತ್ತು ನಿಗದಿ ಮಾಡಬಹುದು, ಕ್ರೋಮ್‌ನಲ್ಲಿ ಇನ್‌ಕಾಗ್ನಿಟೊ (ನೋಡಿದ್ದರ ದಾಖಲೆ ಉಳಿಸದ ಕಿಟಕಿ) ತೆರೆಯುವುದಿಲ್ಲ, ಫೋನ್ ಎಲ್ಲಿದೆ ಎಂದು ಕಾಣುತ್ತದೆ. ಮೆಸೇಜಿನೊಳಗೆ ಏನಿದೆ ಎಂದು ಮಾತ್ರ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ.

ಇದು ಕೈಕೊಡುವುದು ಮುಖ್ಯವಾಗಿ ಮೂರು ಕಡೆ. ಒಂದು, ಮಗುವಿಗೆ ಕೊಡುವುದು ನಿಮ್ಮ ಹಳೆಯ ಫೋನು, ಅದರಲ್ಲಿ ನಿಮ್ಮ ಜಿಮೇಲ್ ಹಾಗೇ ಉಳಿದಿರುತ್ತದೆ. ಮಗು ಪ್ಲೇ ಸ್ಟೋರ್‌ನಲ್ಲಿ ಖಾತೆ ಬದಲಿಸಿ ಬೇಕಾದ್ದನ್ನು ಇಳಿಸಿಕೊಳ್ಳುತ್ತದೆ. ಹಾಗಾಗಿ ಮೊದಲು ಫ್ಯಾಕ್ಟರಿ ರೀಸೆಟ್ ಮಾಡಿ (ಫೋನಿನಲ್ಲಿರುವುದನ್ನೆಲ್ಲ ಅಳಿಸಿ), ಆಮೇಲೆ ಮಗುವಿನ ಖಾತೆಯೊಂದನ್ನೇ ಹಾಕಿ. ಎರಡು, ಹಿಂದೆ ಯಾವುದೋ ಆನ್‌ಲೈನ್ ಕ್ಲಾಸಿಗೆಂದು ಅವಸರದಲ್ಲಿ ಸುಳ್ಳು ಹುಟ್ಟಿದ ವರ್ಷ ಕೊಟ್ಟು ಜಿಮೇಲ್ ಮಾಡಿರುತ್ತೀರಿ. ಗೂಗಲ್ ಪಾಲಿಗೆ ನಿಮ್ಮ ಹತ್ತು ವರ್ಷದ ಮಗ ಇಪ್ಪತ್ತೈದರ ಯುವಕ, ಅವನ ಮೇಲೆ ನಿಗಾ ಹೇಗಿಟ್ಟೀತು? ಮೂರು, ಒಪ್ಪಿಗೆ ಕೊಡಬೇಕಾದವರ ಫೋನಿನಲ್ಲಿ ಡೇಟಾ ಇರುವುದಿಲ್ಲ ಅಥವಾ ಅವರು ಕೆಲಸದಲ್ಲಿರುತ್ತಾರೆ. ನಾಲ್ಕು ಸಲ ಕಾದ ಮಗುವಿಗೆ ಬೇಸತ್ತು ಪಿನ್ನೇ ಹೇಳಿಕೊಟ್ಟುಬಿಡುತ್ತೀರಿ. ಅಪ್ಪ, ಅಮ್ಮ ಇಬ್ಬರನ್ನೂ ಪೋಷಕರಾಗಿ ಸೇರಿಸಿದರೆ ಈ ತೊಂದರೆ ತಪ್ಪುತ್ತದೆ.

ಮೂರನೆಯ ದಾರಿ ಮನೆಯ ವೈಫೈಗೇ ಜರಡಿ ಹಿಡಿಯುವುದು. ರೂಟರಿನ ಪುಟವನ್ನು ಬ್ರೌಸರಿನಲ್ಲಿ ತೆರೆದು (ವಿಳಾಸ ರೂಟರಿನ ಬೆನ್ನ ಮೇಲಿರುತ್ತದೆ, ಸಾಮಾನ್ಯವಾಗಿ 192.168.1.1 ಅಥವಾ 192.168.0.1) ಡಿಎನ್‌ಎಸ್ (ತಾಣದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಎಂದಿರುವ ಕಡೆ 1.1.1.3 ಮತ್ತು 1.0.0.3 ಎಂದು ಹಾಕಿ ಉಳಿಸಿ. ಇದು ಕ್ಲೌಡ್‌ಫ್ಲೇರ್‌ನ ಕುಟುಂಬಕ್ಕೆಂದಿರುವ ಉಚಿತ ಸೇವೆ. ಅಶ್ಲೀಲ ತಾಣಗಳನ್ನೂ ಮಾಲ್‌ವೇರ್ ತಾಣಗಳನ್ನೂ ತಡೆಯುತ್ತದೆ. ಮನೆಯ ಎಲ್ಲ ಫೋನು, ಲ್ಯಾಪ್‌ಟಾಪು, ಟಿವಿಗೂ ಒಂದೇ ಏಟಿಗೆ ಅನ್ವಯ. ಐಪಿವಿ6 (ಇಂಟರ್ನೆಟ್ ವಿಳಾಸದ ಹೊಸ ಪದ್ಧತಿ) ಆನ್ ಇದ್ದರೆ ಅದರ ಡಿಎನ್‌ಎಸ್ ಬೇರೆ, ಅದನ್ನು ಹಾಗೇ ಬಿಟ್ಟರೆ ಜರಡಿ ಸೋರುತ್ತದೆ. ಕೆಲವು ಇಂಟರ್ನೆಟ್ ಕಂಪನಿಗಳು ಕೊಡುವ ರೂಟರಿನಲ್ಲಿ ಈ ಸೆಟ್ಟಿಂಗನ್ನೇ ಮುಚ್ಚಿರುತ್ತಾರೆ. ಮೊಬೈಲ್ ಡೇಟಾ ಆನ್ ಮಾಡಿದ ಕ್ಷಣ ಜರಡಿ ಇಲ್ಲ, ವಿಪಿಎನ್ (ಬೇರೆ ಸರ್ವರಿನ ಮೂಲಕ ಇಂಟರ್ನೆಟ್‌ಗೆ ಹೋಗುವ ಒಳದಾರಿ) ಹಾಕಿದರೂ ಇಲ್ಲ. ರೀಲ್ಸ್ ಒಳಗೆ ಬರುವುದನ್ನು ಇದು ಮುಟ್ಟುವುದೂ ಇಲ್ಲ, ತಾಣದ ಹೆಸರನ್ನಷ್ಟೇ ನೋಡುವ ಜರಡಿ ಇದು.

ಒಂದನ್ನೇ ಆರಿಸಬೇಕೆಂದರೆ? ಸಿಮ್ ಇಲ್ಲದ ಟ್ಯಾಬ್ ಕೊಟ್ಟಿದ್ದರೆ ರೂಟರಿನ ಜರಡಿ ಸಾಕು. ಸಿಮ್ ಇರುವ ಫೋನ್ ಕೊಟ್ಟಿದ್ದರೆ ಫ್ಯಾಮಿಲಿ ಲಿಂಕ್ ಬೇಕೇ ಬೇಕು. ಇಡೀ ಮನೆಗೆ ಒಂದೇ ಫೋನಿದ್ದರೆ ಇವೆರಡರ ಗೋಜಿಗೆ ಹೋಗದೆ ಆ್ಯಪ್ ಪಿನ್ನಿಂಗ್ ಮಾಡಿ, ಯುಪಿಐ ಆ್ಯಪಿಗೆ ಫೋನಿನ ಪಿನ್ನಿಗಿಂತ ಬೇರೆಯದೇ ಪಿನ್ ಇಡಿ.

ಹದಿಮೂರರಿಂದ ಹದಿನೆಂಟು: ಬೀಗಕ್ಕಿಂತ ಬಾಗಿಲು ತಟ್ಟುವ ಧೈರ್ಯ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಕಾಯ್ದೆ ಹಾಗೆನ್ನುತ್ತದೆ, ಪಿಯುಸಿ ಹುಡುಗ ಒಪ್ಪುವುದಿಲ್ಲ. ಈ ವಯಸ್ಸಿನಲ್ಲಿ ಪೂರ್ತಿ ಬೀಗ ಜಡಿದರೆ ಗೆಳೆಯನ ಫೋನಿನಲ್ಲಿ ಇನ್ನೊಂದು ಖಾತೆ ಹುಟ್ಟುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ.

ಹೀಗಾಗಿ ಕಾದಾಟ ಬಿಟ್ಟು ಖಾತೆಯ ಸೆಟ್ಟಿಂಗ್ ಸರಿ ಮಾಡುವುದು ಲಾಭ. ಇನ್‌ಸ್ಟಾಗ್ರಾಮ್ 2025ರ ಫೆಬ್ರವರಿಯಲ್ಲಿ ಭಾರತಕ್ಕೂ ಟೀನ್ ಅಕೌಂಟ್ ತಂದಿತು. ಖಾತೆ ತಾನಾಗಿಯೇ ಪ್ರೈವೇಟ್, ಗುರುತಿಲ್ಲದವರ ಮೆಸೇಜ್ ಬರುವುದಿಲ್ಲ, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ನೋಟಿಫಿಕೇಶನ್ ಮೌನ. 16 ತುಂಬದವರು ಇವನ್ನು ಸಡಿಲಿಸಲು ಪೋಷಕರ ಒಪ್ಪಿಗೆ ಬೇಕು. ನೀವು ಸೂಪರ್‌ವಿಷನ್ ಜೋಡಿಸಿಕೊಂಡರೆ ಕಳೆದ ಏಳು ದಿನದಲ್ಲಿ ಯಾರ ಜೊತೆ ಮೆಸೇಜ್ ನಡೆದಿದೆ ಎಂದು ಕಾಣುತ್ತದೆ, ಏನು ಮಾತಾಡಿದರು ಎಂಬುದು ಕಾಣುವುದಿಲ್ಲ. ನಮ್ಮ ಮಟ್ಟಿಗೆ ಅದು ನ್ಯಾಯವಾದ ಗೆರೆ.

ಇದೆಲ್ಲ ನಿಂತಿರುವುದು ಹುಟ್ಟಿದ ದಿನಾಂಕದ ಮೇಲೆ. ಹನ್ನೊಂದನೇ ವಯಸ್ಸಿಗೇ 2001 ಎಂದು ಒತ್ತಿ ಒಳಹೊಕ್ಕಿದ್ದರೆ ಟೀನ್ ಅಕೌಂಟಿನ ಯಾವ ರಕ್ಷಣೆಯೂ ಇರುವುದಿಲ್ಲ. ಅಕೌಂಟ್ಸ್ ಸೆಂಟರ್, ಪರ್ಸನಲ್ ಡೀಟೇಲ್ಸ್, ಬರ್ತ್‌ಡೇ: ಈ ಮೂರು ಮೆಟ್ಟಿಲು ಇಳಿದು ಒಮ್ಮೆ ಒಟ್ಟಿಗೆ ನೋಡಿ.

ದುಡ್ಡಿನ ವಿಷಯದಲ್ಲಿ ನಿಮ್ಮ ಯುಪಿಐ ಪಿನ್ ಹೇಳಿಕೊಡುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಹತ್ತು ವರ್ಷ ದಾಟಿದ ಮಕ್ಕಳು ತಾವೇ ನಡೆಸುವ ಉಳಿತಾಯ ಖಾತೆಗೆ ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ, ಮಿತಿ ಎಷ್ಟು ಎಂಬುದನ್ನು ಆಯಾ ಬ್ಯಾಂಕ್ ನಿಗದಿ ಮಾಡುತ್ತದೆ. ಕೈಖರ್ಚಿನ ದುಡ್ಡು ಅಲ್ಲಿಗೆ ಹೋಗಲಿ, ಹೋದರೆ ಅಷ್ಟೇ ಹೋಗುತ್ತದೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ತಂದು ನಿಷೇಧಿಸಿದೆ. ಈಗಲೂ ಟೆಲಿಗ್ರಾಂ ಲಿಂಕಿನಲ್ಲಿ ಬರುವ ಅಂಥ ಆ್ಯಪ್‌ಗಳು ಕಾನೂನಿನ ಹೊರಗಿನವು ಎಂದು ಹುಡುಗರಿಗೆ ಗೊತ್ತಿರಲಿ.

ಈ ವಯಸ್ಸಿನ ದೊಡ್ಡ ಅಪಾಯ ಫೋಟೊ ಇಟ್ಟುಕೊಂಡು ಬೆದರಿಸುವುದು. ಹುಡುಗಿಯರಷ್ಟೇ ಅಲ್ಲ, ಹುಡುಗರೂ ಸಿಕ್ಕಿಬೀಳುತ್ತಾರೆ. ಬೆದರಿಕೆ ಬಂದಾಗ ದುಡ್ಡು ಕೊಡಬಾರದು, ಕೊಟ್ಟರೆ ಮತ್ತೆ ಕೇಳುತ್ತಾರೆ. ಗಾಬರಿಯಲ್ಲಿ ಚಾಟ್ ಅಳಿಸಬಾರದು, ಸಾಕ್ಷಿಯೇ ಅದು. ಆ ಕಡೆಯ ಖಾತೆಯ ಹೆಸರು, ಮೆಸೇಜು, ದುಡ್ಡು ಕೇಳಿದ ಯುಪಿಐ ಐಡಿ ಎಲ್ಲದರ ಸ್ಕ್ರೀನ್‌ಶಾಟ್ ಆದ ಮೇಲೆ ಬ್ಲಾಕ್ ಮಾಡಬೇಕು. "ಟೇಕ್ ಇಟ್ ಡೌನ್" ಎಂಬ ಉಚಿತ ಸೇವೆಯಲ್ಲಿ ಫೋಟೊವನ್ನು ಎಲ್ಲಿಗೂ ಕಳಿಸದೆ, ಅದರ ಅಂಕಿ-ಗುರುತನ್ನಷ್ಟೇ ಕೊಟ್ಟು, ಸೇವೆಯೊಂದಿಗೆ ಕೈಜೋಡಿಸಿರುವ ತಾಣಗಳಲ್ಲಿ ಹರಡದಂತೆ ತಡೆಯಬಹುದು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆ ಮತ್ತು ಮಕ್ಕಳ ವಿಭಾಗಕ್ಕೆ ಹೆಸರು ಹೇಳದೆಯೂ ದೂರು ಕೊಡಬಹುದು. ಮಕ್ಕಳ ಸಹಾಯವಾಣಿ 1098. ಇಷ್ಟೆಲ್ಲ ಕೆಲಸಕ್ಕೆ ಬರಬೇಕಾದರೆ ಮಗು ಮೊದಲು ನಿಮಗೆ ಹೇಳಬೇಕು. ಹೇಳಿದರೆ ಫೋನ್ ಕಿತ್ತುಕೊಳ್ಳುವುದಿಲ್ಲ ಎಂದು ಇಂದೇ ಮಾತು ಕೊಡಿ.

ನಡುವಯಸ್ಸು

ಮಕ್ಕಳಿಗೂ ಹಿರಿಯರಿಗೂ ಬುದ್ಧಿ ಹೇಳುವ ನಾವೇ ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಟ್ಟಿರುತ್ತೇವೆ. ಮೊದಲು ಭದ್ರ ಮಾಡಬೇಕಾದ್ದು ಇಮೇಲ್, ಉಳಿದ ಖಾತೆಗಳ ಪಾಸ್‌ವರ್ಡ್ ಬದಲಿಸುವ ಲಿಂಕ್ ಬರುವುದೇ ಅಲ್ಲಿಗೆ. ಎಸ್‌ಎಂಎಸ್ ಒಟಿಪಿ ಇಲ್ಲದಿರುವುದಕ್ಕಿಂತ ಇರುವುದು ವಾಸಿ, ಆದರೆ ಸಿಮ್ ಕೈತಪ್ಪಿದರೆ ಅದೂ ಹೋಯಿತು. ಕೋಡನ್ನು ಫೋನಿನಲ್ಲೇ ಹುಟ್ಟಿಸುವ ಅಥೆಂಟಿಕೇಟರ್ ಆ್ಯಪ್ ಅದಕ್ಕಿಂತ ಗಟ್ಟಿ, ಫೋನ್ ಬದಲಿಸುವ ಮೊದಲು ಬ್ಯಾಕಪ್ ಮಾಡದಿದ್ದರೆ ಮಾತ್ರ ನೀವೇ ಹೊರಗೆ ನಿಲ್ಲಬೇಕು. ಪಾಸ್‌ಕೀ (ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು ಅಥವಾ ಪಿನ್ನಿನಿಂದಲೇ ಒಳಹೋಗುವ ವಿಧಾನ) ಇನ್ನೂ ಮೇಲು: ನಕಲಿ ತಾಣದಲ್ಲಿ ಅದು ಕೆಲಸವೇ ಮಾಡುವುದಿಲ್ಲ. ಜಿಮೇಲಿನ ಬ್ಯಾಕಪ್ ಕೋಡ್‌ಗಳನ್ನು ಪ್ರಿಂಟ್ ತೆಗೆದು ಬೀರುವಿನಲ್ಲಿಡಿ. "ಮನೆಯಲ್ಲೇ ಕೂತು ರಿವ್ಯೂ ಬರೆಯಿರಿ" ಎಂಬ ಕೆಲಸ, ದುಪ್ಪಟ್ಟು ಲಾಭ ತೋರಿಸುವ ಷೇರು ಗುಂಪು, ಇವೆರಡರಲ್ಲೂ ಮೊದಲು ಸಣ್ಣ ಮೊತ್ತ ನಿಜವಾಗಿಯೂ ವಾಪಸ್ ಬರುತ್ತದೆ. ಗಾಳದ ಎರೆಹುಳು ಅದೇ.

ಅರವತ್ತು ದಾಟಿದವರು: ದುಡ್ಡಿಗೆ ಬೀಗ

ಹಿರಿಯರ ಮೇಲೆ ಬೀಳುವ ಏಟು ಎರಡು ಬಗೆ, ಎರಡಕ್ಕೂ ಮದ್ದು ಬೇರೆ.

ಮೊದಲನೆಯದು ಕಳ್ಳ ಆ್ಯಪ್. ವಾಟ್ಸ್ಆ್ಯಪಿನಲ್ಲಿ ಮದುವೆಯ ಕರೆಯೋಲೆ, ಟ್ರಾಫಿಕ್ ಚಲನ್ ಅಥವಾ ಬ್ಯಾಂಕ್ ಕೆವೈಸಿ ಎಂಬ ಹೆಸರಿನ ಫೈಲ್ ಬರುತ್ತದೆ. ಕೊನೆಯಲ್ಲಿ ಎಪಿಕೆ ಎಂದಿದ್ದರೆ ಅದು ಆ್ಯಪ್. ನಿಜವಾದ ಕರೆಯೋಲೆ ಫೋಟೊ, ಪಿಡಿಎಫ್ ಅಥವಾ ವಿಡಿಯೊ ಆಗಿರುತ್ತದೆ. ಒತ್ತಿ, ಇನ್‌ಸ್ಟಾಲ್ ಮಾಡಿ, ಎಸ್‌ಎಂಎಸ್ ಅನುಮತಿ ಕೊಟ್ಟರೆ ಒಟಿಪಿಗಳು ಸದ್ದಿಲ್ಲದೆ ಕಳ್ಳನಿಗೆ ಹೋಗುತ್ತವೆ. ಎರಡನೆಯದು "ಡಿಜಿಟಲ್ ಅರೆಸ್ಟ್". ಪೊಲೀಸ್ ಅಥವಾ ಸಿಬಿಐ ವೇಷದಲ್ಲಿ ವಿಡಿಯೊ ಕರೆ, ನಿಮ್ಮ ಆಧಾರ್ ಪ್ರಕರಣವೊಂದರಲ್ಲಿ ಸಿಕ್ಕಿದೆ ಎಂಬ ಹೆದರಿಕೆ, ದಿನಗಟ್ಟಲೆ ಕ್ಯಾಮೆರಾ ಮುಂದೆ ಕೂರಿಸುವುದು. ಅಂಥ ಬಂಧನ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ.

ಈಗ ಆಯ್ಕೆಗಳು. ಎರಡು ಫೋನಿನ ಪದ್ಧತಿ ಅಗ್ಗದ್ದು: ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಕೀಪ್ಯಾಡ್ ಫೋನಿನಲ್ಲಿ, ವಾಟ್ಸ್ಆ್ಯಪಿಗೆ ಬೇರೆ ಸಿಮ್ ಸ್ಮಾರ್ಟ್‌ಫೋನಿನಲ್ಲಿ. ಒಟಿಪಿ ಬರುವ ಫೋನಿಗೆ ಎಪಿಕೆ ಬರಲಾರದು, ಹಾಗಾಗಿ ಮೊದಲ ಬಗೆಯ ಕಳ್ಳತನಕ್ಕೆ ಇದು ಬಲವಾದ ಗೋಡೆ. ಬೆಲೆ ಏನೆಂದರೆ, ಯುಪಿಐ ಆ್ಯಪಿಗೆ ಬ್ಯಾಂಕಿನ ನಂಬರಿನ ಸಿಮ್ ಅದೇ ಫೋನಿನಲ್ಲಿ ಇರಬೇಕು, ಆದ್ದರಿಂದ ಸ್ಮಾರ್ಟ್‌ಫೋನಿನಲ್ಲಿ ಸ್ಕ್ಯಾನ್ ಮಾಡಿ ಕೊಡುವ ಸುಖ ಹೋಗುತ್ತದೆ. ಎರಡು ರೀಚಾರ್ಜ್ ಬೇರೆ. ಡಿಜಿಟಲ್ ಅರೆಸ್ಟ್‌ಗೆ ಈ ಗೋಡೆ ಲೆಕ್ಕಕ್ಕಿಲ್ಲ, ಅಲ್ಲಿ ಹೆದರಿದವರು ತಾವೇ ಬ್ಯಾಂಕಿಗೆ ಹೋಗಿ ಆರ್‌ಟಿಜಿಎಸ್ ಚೀಟಿ ತುಂಬುತ್ತಾರೆ.

ಒಂದೇ ಸ್ಮಾರ್ಟ್‌ಫೋನ್ ಎನ್ನುವವರು ಸೆಟ್ಟಿಂಗ್ಸ್‌ನ ಆ್ಯಪ್ಸ್ ವಿಭಾಗದ ಸ್ಪೆಷಲ್ ಆ್ಯಕ್ಸೆಸ್ ಒಳಗೆ "ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್" ತೆರೆದು ವಾಟ್ಸ್ಆ್ಯಪ್, ಕ್ರೋಮ್, ಫೈಲ್ ಮ್ಯಾನೇಜರ್ ಮೂರಕ್ಕೂ ಆಫ್ ಮಾಡಿ. ವಾಟ್ಸ್ಆ್ಯಪಿನ ಪ್ರೈವಸಿಯಲ್ಲಿ ಅಪರಿಚಿತ ಕರೆಗಳನ್ನು ಮೌನಗೊಳಿಸುವುದು, ಗುಂಪಿಗೆ ಸೇರಿಸುವವರು "ನನ್ನ ಸಂಪರ್ಕಗಳು" ಮಾತ್ರ, ಅಕೌಂಟ್ ವಿಭಾಗದಲ್ಲಿ ಟು-ಸ್ಟೆಪ್ ವೆರಿಫಿಕೇಶನ್‌ನ ಆರಂಕಿ ಪಿನ್. ಹತ್ತು ನಿಮಿಷದ ಕೆಲಸ.

ಯುಪಿಐ ಬೇಕೇ ಬೇಕು ಎಂದರೆ ಮೂರು ಮಾರ್ಗ. ಯುಪಿಐ ಲೈಟ್‌ನಲ್ಲಿ ಗರಿಷ್ಠ 5,000 ರೂಪಾಯಿ ಇಟ್ಟು, ಒಂದು ಸಲಕ್ಕೆ 1,000ದವರೆಗೆ ಪಿನ್ ಇಲ್ಲದೆ ಕೊಡಬಹುದು. ಹೂವು, ತರಕಾರಿ, ಆಟೊಗೆ ಧಾರಾಳ, ಫೋನ್ ಕಳೆದರೆ ಆ ಚೀಲದಷ್ಟೇ ನಷ್ಟ. ಯುಪಿಐ ಸರ್ಕಲ್‌ನಲ್ಲಿ ಮಗ ಅಥವಾ ಮಗಳ ಖಾತೆಯಿಂದ ಅಪ್ಪ-ಅಮ್ಮ ಖರ್ಚು ಮಾಡುತ್ತಾರೆ. ಪೂರ್ತಿ ಅಧಿಕಾರ ಕೊಟ್ಟರೆ ತಿಂಗಳಿಗೆ 15,000, ಒಂದು ಸಲಕ್ಕೆ 5,000ದ ಮಿತಿ. ಅರ್ಧ ಅಧಿಕಾರವಾದರೆ ಪ್ರತಿ ಪಾವತಿಗೂ ಮಕ್ಕಳು ತಮ್ಮ ಪಿನ್ ಒತ್ತಬೇಕು. ಅಮ್ಮ ಸೊಪ್ಪಿನ ಗಾಡಿಯ ಮುಂದೆ, ಮಗ ಮೀಟಿಂಗಿನಲ್ಲಿ: ಎರಡನೇ ದಿನಕ್ಕೇ ಅಮ್ಮ ನೋಟಿಗೆ ಮರಳುತ್ತಾರೆ. ಸ್ವಂತ ಆದಾಯವಿಲ್ಲದವರಿಗೆ ಸರ್ಕಲ್ ಒಳ್ಳೆಯದು. ಪಿಂಚಣಿ ಬರುವವರಿಗೆ ಮಕ್ಕಳ ಖಾತೆಯಿಂದ ಕಾಫಿ ಕುಡಿಯುವುದು ಮುಜುಗರ.

ಅಂಥವರಿಗೆ ನಮ್ಮ ಆಯ್ಕೆ ಮೂರನೆಯದು, ಎರಡು ಖಾತೆ. ಪಿಂಚಣಿ ಖಾತೆಗೆ ಯುಪಿಐ ಬೇಡ. ನೆಟ್‌ಬ್ಯಾಂಕಿಂಗ್ ಬೇಡವೆಂದು ಶಾಖೆಯಲ್ಲಿ ಬರೆದುಕೊಡಿ, ಬ್ಯಾಂಕಿನಲ್ಲಿ ಅವಕಾಶವಿದ್ದರೆ ನೋಡುವುದಕ್ಕೆ ಮಾತ್ರ ಇಟ್ಟುಕೊಳ್ಳಿ. ಇನ್ನೊಂದು ಖಾತೆಯಲ್ಲಿ ತಿಂಗಳಿಗೆ ಐದೋ ಹತ್ತೋ ಸಾವಿರ, ಯುಪಿಐ ಅದಕ್ಕೇ. ಕನಿಷ್ಠ ಮೊತ್ತದ ದಂಡದ ಭಯವಿದ್ದರೆ ದಂಡವಿಲ್ಲದ ಬ್ಯಾಂಕ್ ನೋಡಿ. ಉದಾಹರಣೆಗೆ ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಉಳಿತಾಯ ಖಾತೆಗಳಿಗೆ ಅದನ್ನು ತೆಗೆದುಹಾಕಿದೆ.

ಡಿಜಿಟಲ್ ಅರೆಸ್ಟ್‌ಗೆ ನಿಲ್ಲುವ ಬೀಗ ಒಂದೇ, ಎರಡು ಸಹಿ. ದೊಡ್ಡ ಠೇವಣಿಯನ್ನು ಗಂಡ-ಹೆಂಡತಿ ಅಥವಾ ತಂದೆ-ಮಗಳ ಹೆಸರಿನಲ್ಲಿ, "ಇಬ್ಬರೂ ಸೇರಿ ಸಹಿ ಹಾಕಿದರೆ ಮಾತ್ರ" ಎಂಬ ಷರತ್ತಿನಲ್ಲಿ ಇಡಿ. ಒಬ್ಬರನ್ನು ಹೆದರಿಸಿ ಕೂರಿಸಿದರೂ ಇನ್ನೊಬ್ಬರ ಕಿವಿಗೆ ವಿಷಯ ಬೀಳಲೇಬೇಕು. ಇಬ್ಬರೂ ಒಂದೇ ಮನೆಯಲ್ಲಿದ್ದರೆ ಇಬ್ಬರನ್ನೂ ಹೆದರಿಸಬಹುದು, ಆದ್ದರಿಂದ ಎರಡನೇ ಸಹಿ ಬೇರೆ ಮನೆಯವರದ್ದಾದರೆ ಮೇಲು. ತೊಂದರೆಯೂ ಇದರಲ್ಲೇ ಇದೆ: ರಾತ್ರೋರಾತ್ರಿ ಆಸ್ಪತ್ರೆಗೆ ಸೇರಿಸಬೇಕಾದಾಗ ಆ ದುಡ್ಡು ಕೈಗೆ ಸಿಗುವುದಿಲ್ಲ. ಅದಕ್ಕೆಂದೇ ಐವತ್ತು ಸಾವಿರದಿಂದ ಒಂದು ಲಕ್ಷ, ಯಾರೊಬ್ಬರ ಸಹಿಗಾದರೂ ಸಿಗುವ ಖಾತೆಯಲ್ಲಿರಲಿ.

ದೂರದ ಊರಿನಲ್ಲೋ ವಿದೇಶದಲ್ಲೋ ಇರುವ ಮಕ್ಕಳಿಗೆ ಒಂದು ಮಾತು. ಅಪ್ಪನ ಫೋನ್ ಸರಿಮಾಡಲು, ದೂರದಿಂದಲೇ ಫೋನ್ ನಡೆಸಲು ಬಿಡುವ ಎನಿಡೆಸ್ಕ್‌ನಂಥ ಆ್ಯಪ್ ಅಥವಾ ಸ್ಕ್ರೀನ್ ಶೇರ್ ಬಳಸುವುದು ಸುಲಭ ನಿಜ. ಆದರೆ ವಂಚಕ ಕೇಳುವುದೂ ಅದನ್ನೇ. "ಮಗನೂ ಹೀಗೇ ಮಾಡಿಸಿದ್ದ" ಎಂಬ ನೆನಪು ಅವನ ಕೆಲಸ ಹಗುರ ಮಾಡುತ್ತದೆ. ಊರಿಗೆ ಹೋದಾಗಲೇ ಸೆಟ್ಟಿಂಗ್ ಮುಗಿಸಿ, ಪರದೆ ಹಂಚುವುದು ಯಾರಿಗೂ ಇಲ್ಲ, ನನಗೂ ಇಲ್ಲ ಎಂದು ಹೇಳಿಬನ್ನಿ.

ಬೀಗ ಒಡೆದ ಮೇಲೆ

ದುಡ್ಡು ಹೋಯಿತೆಂದು ಗೊತ್ತಾದ ಗಳಿಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತ ಹೋಗುತ್ತದೆ, ಇನ್ನೂ ಯಾವುದೋ ಖಾತೆಯಲ್ಲಿ ಕೂತಿದ್ದರೆ ಮಾತ್ರ ಅದನ್ನು ಹಿಡಿದು ನಿಲ್ಲಿಸಲು ಸಾಧ್ಯ. ಲೆಕ್ಕ ಗಂಟೆಗಳದ್ದು. ಕರೆ ಮಾಡುವಾಗ ಕೈಯಲ್ಲಿರಬೇಕಾದ್ದು: ನಿಮ್ಮ ಖಾತೆಯ ಬ್ಯಾಂಕು, ಹೋದ ಮೊತ್ತ, ದಿನಾಂಕ ಮತ್ತು ಸಮಯ, ಯುಪಿಐ ಪಾವತಿಯ 12 ಅಂಕಿಯ ಉಲ್ಲೇಖ ಸಂಖ್ಯೆ, ಆ ಕಡೆಯ ನಂಬರು ಅಥವಾ ಯುಪಿಐ ಐಡಿ. ದೂರಿನ ಸಂಖ್ಯೆ ಬರೆದಿಟ್ಟುಕೊಂಡು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ವಿವರ ತುಂಬಿ, ಜಿಲ್ಲೆಯ ಸೆನ್ (ಸೈಬರ್ ಅಪರಾಧ) ಠಾಣೆಗೆ ಹೋಗಿ. ಕಳ್ಳ ಆ್ಯಪ್ ಹೊಕ್ಕಿರುವ ಅನುಮಾನವಿದ್ದರೆ ಮೊದಲು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಈ ಕರೆಯನ್ನು ಬೇರೆ ಫೋನಿನಿಂದ ಮಾಡಿ.

ದೂರು ಕೊಟ್ಟ ಕೆಲವು ದಿನಗಳಿಗೆ ಇನ್ನೊಂದು ಕರೆ ಬರಬಹುದು: "ನಿಮ್ಮ ಹಣ ಸಿಕ್ಕಿದೆ, ಬಿಡುಗಡೆಗೆ ಶುಲ್ಕ ಕಟ್ಟಿ." ವಂಚನೆಗೆ ಒಳಗಾದವರ ನಂಬರುಗಳೂ ಮಾರಾಟವಾಗುತ್ತವೆ. ಹಣ ಮರಳಿಸಲು ಪೊಲೀಸರಾಗಲಿ ಬ್ಯಾಂಕಾಗಲಿ ಮುಂಗಡ ಶುಲ್ಕ ಕೇಳುವುದಿಲ್ಲ. ಆ ನಂಬರನ್ನೂ ಅದೇ ದೂರಿಗೆ ಸೇರಿಸಿ.